ಹಾರ್ಮೋನ್ ಏರುಪೇರು ಇದೆಯಾ? ಲ್ಯಾಬಿಗೆ ಓಡುವ ಮೊದಲು ಮನೆಯಲ್ಲಿ ಮಾಡಬೇಕಾದ ಲೆಕ್ಕ

ಬೆಳಿಗ್ಗೆ ಏಳೂವರೆಗೆ ಲ್ಯಾಬಿನ ಬಾಗಿಲು ತೆಗೆಯುವಾಗಲೇ ಒಬ್ಬರು ಮೆಟ್ಟಿಲ ಮೇಲೆ ಕೂತಿದ್ದರು. ಪೆರ್ಲದ ಕಡೆಯವರು. ಮೊದಲ ಬಸ್ಸಿಗೆ ಹೊರಟು ಬಂದದ್ದು, ಒಂದು ಲೋಟ ಚಹಾ ಕೂಡ ಕುಡಿದಿಲ್ಲ. "ಹಾರ್ಮೋನಿನದ್ದು ಎಲ್ಲ ಟೆಸ್ಟ್ ಮಾಡಿ" ಅಂದರು. ಕೊನೆಯ ಮುಟ್ಟು ಯಾವಾಗ ಅಂತ ಕೇಳಿದೆ. "ಜಾತ್ರೆಯ ಆಸುಪಾಸು" ಅಂದರು. ಯಾವುದಾದರೂ ಮಾತ್ರೆ ಇದೆಯಾ? ಕೂದಲು ಉದುರುವುದಕ್ಕೆ ದಿನಕ್ಕೊಂದು ಬಯೋಟಿನ್. ಜಾತ್ರೆಗೆ ಡೇಟ್ ಮುಂದೆ ಹಾಕಲು ತಗೊಂಡ ಮಾತ್ರೆ ನಿಲ್ಲಿಸಿ ಮೂರು ದಿನ.

ರಕ್ತ ತೆಗೆಯದೆ ವಾಪಸ್ ಕಳಿಸಿದೆ. ಮುಖ ಸಣ್ಣ ಮಾಡಿಕೊಂಡು ಹೋದರು. ಆದರೆ ಅವತ್ತು ರಕ್ತ ತೆಗೆದಿದ್ದರೆ ದುಡ್ಡೂ ಹೋಗುತ್ತಿತ್ತು, ಬರುವ ರಿಪೋರ್ಟೂ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ.

ಕಾಸರಗೋಡಿನ ಈ ಕಡೆ ಲ್ಯಾಬಿನಲ್ಲಿ 12 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಇದೇ ತಪ್ಪು ವಾರಕ್ಕೆ ಎರಡು ಮೂರು ಸಲ ನೋಡುತ್ತೇನೆ. ಹಾರ್ಮೋನಿನ ಏರುಪೇರು ಮೊದಲು ಕಾಣುವುದು ಕ್ಯಾಲೆಂಡರಿನಲ್ಲಿ, ಆಮೇಲೆ ಕನ್ನಡಿಯಲ್ಲಿ. ರಕ್ತ ಕೊನೆಗೆ. ನಮ್ಮವರು ಕೊನೆಯದರಿಂದ ಶುರು ಮಾಡುತ್ತಾರೆ. ಹಾಗಾಗಿ ಇಲ್ಲಿ ಕ್ರಮ ಮುಖ್ಯ, ಹಂತ ಹಾರಿಸಬೇಡಿ.

ಕೈಯಲ್ಲಿ ಏನೇನು ಬೇಕು

ಒಂದು ಗೋಡೆ ಕ್ಯಾಲೆಂಡರ್, ಒಂದು ಸಣ್ಣ ನೋಟ್‌ಬುಕ್. ಟೈಲರ್ ಹತ್ತಿರ ಇರುವಂಥ ಅಳತೆ ಟೇಪು. ಮೆಡಿಕಲ್ ಶಾಪಿನಲ್ಲಿ ಸಿಗುವ ಪ್ರೆಗ್ನೆನ್ಸಿ ಕಾರ್ಡ್ ಎರಡು. ಹಳೆಯ ರಿಪೋರ್ಟುಗಳು. ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್. ತೂಕ ನೋಡಲು ಅಂಗನವಾಡಿ ಅಥವಾ ಕುಟುಂಬಾರೋಗ್ಯ ಕೇಂದ್ರದ ಮಷಿನ್ ಸಾಕು. ಪ್ರತಿ ಸಲ ಅದೇ ಮಷಿನ್ ಆಗಿರಲಿ.

ಹಂತ 1: ಕಾಯಬಾರದ ಲಕ್ಷಣ ಇದೆಯಾ ನೋಡಿ

ಕೆಳಗಿನ ಯಾವುದಾದರೂ ಇದ್ದರೆ ಈ ಬರಹ ಅಲ್ಲಿಗೇ ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಲೆಕ್ಕ ಬರೆಯುತ್ತಾ ಮೂರು ತಿಂಗಳು ಕೂರಬೇಡಿ.

- ಮುಟ್ಟು ನಿಂತು ಒಂದು ವರ್ಷ ದಾಟಿದ ಮೇಲೆ ಮತ್ತೆ ರಕ್ತ ಕಂಡರೆ. ಒಂದೇ ಹನಿ ಆದರೂ ಸರಿ. ಗರ್ಭಕೋಶದ ಕ್ಯಾನ್ಸರ್ ಇಲ್ಲ ಎಂದು ಮೊದಲು ಖಚಿತವಾಗಬೇಕು.
- ಗಂಟೆಗೊಂದು ಪ್ಯಾಡ್ ಪೂರ್ತಿ ಒದ್ದೆಯಾಗುತ್ತಿದೆ, ಹೀಗೇ ಎರಡು ಮೂರು ಗಂಟೆ ಆಯ್ತು, ಜೊತೆಗೆ ತಲೆಸುತ್ತು.
- ಮುಟ್ಟು ತಪ್ಪಿದೆ, ಕೆಳಹೊಟ್ಟೆಯ ಒಂದು ಬದಿ ಜೋರು ನೋವು. ಗರ್ಭ ನಾಳದಲ್ಲಿ ಕೂತಿರಬಹುದು. ಇದು 108ಕ್ಕೆ ಫೋನ್ ಮಾಡುವ ಹೊತ್ತು.
- ಹಾಲೂಡಿಸುವ ಮಗು ಇಲ್ಲದೆ ಎದೆಯಲ್ಲಿ ಹಾಲು, ಅದರ ಜೊತೆ ತಲೆನೋವು, ಅಕ್ಕಪಕ್ಕದ್ದು ಮಸುಕಾಗಿ ಕಾಣುವುದು.
- ಕೆಲವೇ ತಿಂಗಳಲ್ಲಿ ಗಡ್ಡ ಮೀಸೆಯ ಕಡೆ ಒರಟು ಕೂದಲು, ಸ್ವರವೂ ಗಡುಸಾಗುವುದು. ವರ್ಷಗಟ್ಟಲೆಯಲ್ಲಿ ನಿಧಾನ ಬರುವುದು ಬೇರೆ, ಹೀಗೆ ದಿಢೀರ್ ಬರುವುದು ಬೇರೆ.
- ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿತ್ತು, ಆಮೇಲೆ ಎದೆಹಾಲೇ ಬರಲಿಲ್ಲ, ಮುಟ್ಟೂ ಶುರುವಾಗಲಿಲ್ಲ, ಸುಸ್ತು ಬಿಡುತ್ತಿಲ್ಲ.
- ಎದೆಯಲ್ಲಿ ಗಂಟು, ಅಥವಾ ತೊಟ್ಟಿನಿಂದ ರಕ್ತ. ಇದಕ್ಕೆ ಹಾರ್ಮೋನ್ ಟೆಸ್ಟ್ ಅಲ್ಲ, ಎದೆಯ ಪರೀಕ್ಷೆಯೇ ಆಗಬೇಕು.

ಮನೆಯಲ್ಲಿ ಹುಡುಗಿಯರಿದ್ದರೆ ಇನ್ನೊಂದು ಗಮನಿಸಿ. 13 ದಾಟಿದರೂ ಎದೆ ಬೆಳವಣಿಗೆ ಶುರುವಾಗದಿದ್ದರೆ, 15 ದಾಟಿದರೂ ಮೈನೆರೆಯದಿದ್ದರೆ ತೋರಿಸಬೇಕು. "ನಮ್ಮ ಕುಟುಂಬದಲ್ಲಿ ಎಲ್ಲರಿಗೂ ತಡವೇ" ಎಂದು ಅಜ್ಜಿ ಹೇಳಿದರೂ ಸರಿ, ತೋರಿಸಿ.

ಹಂತ 2: ಬಸುರಿಯಾ ಅಂತ ಮೊದಲು ನೋಡಿಕೊಳ್ಳಿ

ನಗಬೇಡಿ. "ಹಾರ್ಮೋನ್ ತೊಂದರೆ" ಎಂದು ಬಂದವರಲ್ಲಿ ಎಷ್ಟೋ ಜನರ ಕಾರ್ಡಿನಲ್ಲಿ ಎರಡು ಗೆರೆ ಮೂಡಿದ್ದು ನನ್ನ ಕಣ್ಣೆದುರೇ. 44ರ ಹೆಂಗಸು "ನನಗೆ ನಿಲ್ಲುವ ಸಮಯ ಆಯ್ತು" ಎಂದೇ ನಂಬಿಕೊಂಡಿದ್ದರು.

ಡೇಟ್ ದಾಟಿ ಒಂದು ವಾರ ಆದ ಮೇಲೆ, ಬೆಳಗಿನ ಮೊದಲ ಮೂತ್ರದಲ್ಲಿ ನೋಡಿ. ಪ್ಯಾಕೆಟಿನಲ್ಲಿ ಬರೆದಷ್ಟೇ ನಿಮಿಷಕ್ಕೆ ಓದಿ. ಮಧ್ಯಾಹ್ನ ಅಡುಗೆ ಮುಗಿಸಿ ಬಂದು ನೋಡಿದರೆ ಒಣಗಿದ ಕಾರ್ಡಿನಲ್ಲಿ ಇಲ್ಲದ ಗೆರೆ ಕಾಣುತ್ತದೆ. ಒಂದೇ ಗೆರೆ ಬಂತು, ಮುಟ್ಟು ಮಾತ್ರ ಬರಲಿಲ್ಲ ಅಂದರೆ ವಾರ ಬಿಟ್ಟು ಎರಡನೇ ಕಾರ್ಡ್.

ಹಂತ 3: ಮೂರು ತಿಂಗಳ ಲೆಕ್ಕ ಬರೆಯಿರಿ

ಈ ಹಂತದಲ್ಲೇ ಹೆಚ್ಚಿನವರು ಸೋಲುತ್ತಾರೆ. ಸೋಲುವುದು ಸೋಮಾರಿತನದಿಂದಲ್ಲ, ಲೆಕ್ಕ ಶುರು ಮಾಡುವ ದಿನ ತಪ್ಪುವುದರಿಂದ.

ಹೊರಗೆ ಕೂರುವ ಕ್ರಮ ಇರುವ ಮನೆಗಳಲ್ಲಿ ನೆನಪಿರುವುದು ನಾಲ್ಕನೇ ದಿನದ ಸ್ನಾನ. ಹಾಗಾಗಿ ಸ್ನಾನದಿಂದ ಸ್ನಾನಕ್ಕೆ ಎಣಿಸುತ್ತಾರೆ. ಇನ್ನು ಕೆಲವರು ರಕ್ತ ನಿಂತ ದಿನದಿಂದ ಮುಂದಿನ ಸಲ ಶುರುವಾಗುವವರೆಗೆ ಎಣಿಸಿ "ನನಗೆ 22 ದಿನಕ್ಕೇ ಆಗುತ್ತದೆ" ಎಂದು ಹೆದರುತ್ತಾರೆ. ಎರಡೂ ತಪ್ಪು. ಪ್ಯಾಡ್ ಇಡಲೇಬೇಕು ಅನ್ನುವಷ್ಟು ರಕ್ತ ಬಂದ ದಿನ ಒಂದನೇ ದಿನ. ಹಿಂದಿನ ದಿನ ಕಂಡ ಕಂದು ಕಲೆ ಲೆಕ್ಕಕ್ಕಿಲ್ಲ. ಜನವರಿ 4ಕ್ಕೆ ಶುರುವಾಗಿ ಮುಂದಿನದು ಫೆಬ್ರವರಿ 9ಕ್ಕೆ ಶುರುವಾದರೆ ಅದು 36 ದಿನದ ಚಕ್ರ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಸಿಲಿಂಡರ್ ಬಂದ ದಿನ, ಸೊಸೈಟಿಗೆ ಹಾಲು ಹಾಕಿದ ಲೆಕ್ಕ ಎಲ್ಲ ಇರುತ್ತದೆ ಅಲ್ವಾ? ಅದೇ ಚೌಕದ ಮೂಲೆಯಲ್ಲಿ ಒಂದು ಚುಕ್ಕಿ ಇಡಿ. ಮನೆಯವರ ಎದುರು ಸಂಕೋಚ ಇರುವವರಿಗೂ ಚುಕ್ಕಿ ಇಡಲು ಏನೂ ತೊಂದರೆ ಇಲ್ಲ. ಹೊಸ ವರ್ಷದ ಕ್ಯಾಲೆಂಡರ್ ತೂಗುಹಾಕುವಾಗ ಹಳೆಯದು ಒಲೆಗೆ ಹೋಗುತ್ತದೆ, ಅದಕ್ಕೆ ಮೊದಲು ಚುಕ್ಕಿಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ.

ನೋಟ್‌ಬುಕ್ಕಿನಲ್ಲಿ ದಿನಕ್ಕೆ ಒಂದೇ ಸಾಲು. ಎಷ್ಟು ಪ್ಯಾಡ್, ಗಟ್ಟಿ ರಕ್ತ ಬಂತಾ, ನೋವಿಗೆ ಮಾತ್ರೆ ಬೇಕಾಯ್ತಾ, ನಿದ್ದೆ ಹೇಗಿತ್ತು. "ಜಾಸ್ತಿ ಬ್ಲೀಡಿಂಗ್" ಎಂದು ಬರೆದರೆ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. "ಎರಡನೇ ದಿನ 7 ಪ್ಯಾಡ್, 10 ರೂಪಾಯಿ ನಾಣ್ಯದಷ್ಟು ಗಟ್ಟಿ ರಕ್ತ, ರಾತ್ರಿ ಎದ್ದು ಎರಡು ಸಲ ಬದಲಿಸಿದೆ" ಎಂದು ಬರೆಯಿರಿ.

ಮೂರು ತಿಂಗಳಾದ ಮೇಲೆ ಹೀಗೆ ನೋಡಿ. ದೊಡ್ಡವರಿಗೆ 21ರಿಂದ 35 ದಿನದ ಒಳಗೆ ಬಂದರೆ ಸಾಮಾನ್ಯ. ತಿಂಗಳಿಂದ ತಿಂಗಳಿಗೆ ನಾಲ್ಕೈದು ದಿನ ಹಿಂದೆ ಮುಂದೆ ಆಗುವುದು ತೊಂದರೆ ಅಲ್ಲ. 28 ದಿನಕ್ಕೇ ಆಗಬೇಕು ಎಂಬ ಹೆದರಿಕೆ ಬಿಡಿ. 21ಕ್ಕಿಂತ ಮೊದಲೇ ಬರುತ್ತಿದ್ದರೆ, 35 ದಾಟುತ್ತಲೇ ಇದ್ದರೆ, 8 ದಿನಕ್ಕಿಂತ ಹೆಚ್ಚು ನಿಲ್ಲದಿದ್ದರೆ, ವರ್ಷಕ್ಕೆ 8 ಸಲವೂ ಆಗದಿದ್ದರೆ ಅದು ಲಕ್ಷಣ. ಮೈನೆರೆದ ಹೊಸತರಲ್ಲಿ ಎರಡು ಮೂರು ವರ್ಷ 45 ದಿನದವರೆಗೂ ಹೋಗಬಹುದು, ಆದರೆ ಮೊದಲ ವರ್ಷ ಕಳೆದ ಮೇಲೆ ಒಂದೇ ಸಲ 90 ದಿನ ದಾಟಿದರೂ ತೋರಿಸಿ.

ಎಚ್ಚರಿಕೆ: ಪೂಜೆ, ಬ್ರಹ್ಮಕಲಶ, ಮನೆಯ ಕೋಲ ಎಂದು ಮುಟ್ಟು ಮುಂದೂಡುವ ಮಾತ್ರೆ ತಗೊಂಡ ತಿಂಗಳು ಲೆಕ್ಕಕ್ಕೆ ಬರುವುದಿಲ್ಲ. ನಿಲ್ಲಿಸಿ ಎರಡು ಮೂರು ದಿನಕ್ಕೆ ಬರುವ ರಕ್ತ ಮಾತ್ರೆ ನಿಂತದ್ದರಿಂದ ಬಂದದ್ದು. ಆ ತಿಂಗಳ ಎದುರು ಗೆರೆ ಎಳೆದು ಲೆಕ್ಕ ಇನ್ನೊಂದು ತಿಂಗಳು ಮುಂದುವರಿಸಿ. ಹಿಂದೆ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿದವರು ಈ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಅಕ್ಕನಿಗೆ ಕೊಟ್ಟ ಮಾತ್ರೆಯಲ್ಲಿ ಉಳಿದದ್ದು ತಂಗಿಗೆ, ಇದಂತೂ ಬೇಡವೇ ಬೇಡ.

ಹಂತ 4: ಕನ್ನಡಿ ಎದುರು ಹತ್ತು ನಿಮಿಷ

ಹಗಲು ಬೆಳಕಲ್ಲಿ ನೋಡಿ, ಟ್ಯೂಬ್‌ಲೈಟಿನಲ್ಲಿ ಅಲ್ಲ.

ಮೊದಲು ಕುತ್ತಿಗೆಯ ಹಿಂಭಾಗ. ಅಲ್ಲಿ ಕಪ್ಪಾಗಿ, ಮುಟ್ಟಿದರೆ ಮಖಮಲ್ಲಿನ ಹಾಗೆ ದಪ್ಪ ಅನ್ನಿಸಿದರೆ ಅದು ಕೊಳೆಯಲ್ಲ. ಸರ ಹಾಕಿದ್ದರಿಂದ ಆದದ್ದೂ ಅಲ್ಲ. ನಮ್ಮ ಲ್ಯಾಬಿಗೆ ಬಂದ ಒಬ್ಬ ಹುಡುಗಿಯ ಕುತ್ತಿಗೆಯಲ್ಲಿ ತರಚು ಗಾಯವೇ ಆಗಿತ್ತು. ಅಮ್ಮ ತೆಂಗಿನ ನಾರಿನಲ್ಲಿ ಉಜ್ಜಿ ಉಜ್ಜಿ ಬಂದದ್ದು. ಆ ಕಪ್ಪು ಹೆಚ್ಚಾಗಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು. ಕಂಕುಳಲ್ಲೂ ನೋಡಿ.

ಆಮೇಲೆ ಗದ್ದ, ಮೇಲ್ತುಟಿ, ಹೊಕ್ಕುಳ ಕೆಳಗೆ. ನುಣುಪು ಕೂದಲು ಎಲ್ಲರಿಗೂ ಇರುತ್ತದೆ. ಕಪ್ಪಗೆ, ಒರಟಾಗಿ, ಚಿಮ್ಮಟದಲ್ಲಿ ಕೀಳಬೇಕಾದ್ದು ಇದ್ದರೆ ವಾರಕ್ಕೆ ಎಷ್ಟು ಸಲ ಕೀಳುತ್ತೀರಿ ಎಂದು ಬರೆದುಕೊಳ್ಳಿ. ಡಾಕ್ಟರ ಹತ್ತಿರ ಹೋಗುವ ಹಿಂದಿನ ದಿನ ಪಾರ್ಲರಿಗೆ ಹೋಗಿ ಎಲ್ಲ ತೆಗೆಸಿಕೊಂಡರೆ ಅವರಿಗೆ ಏನು ಕಾಣಬೇಕು?

ಗಂಟಲಿಗೆ ಬನ್ನಿ. ತಲೆ ಸ್ವಲ್ಪ ಹಿಂದೆ ಬಾಗಿಸಿ ಒಂದು ಗುಟುಕು ನೀರು ನುಂಗಿ. ಕತ್ತಿನ ಕೆಳಭಾಗದಲ್ಲಿ ಉಬ್ಬು ಮೇಲೆ ಕೆಳಗೆ ಹೋದ ಹಾಗೆ ಕಂಡರೆ ಥೈರಾಯ್ಡ್ ದೊಡ್ಡದಾಗಿರಬಹುದು. ಉಬ್ಬು ಕಾಣಲಿಲ್ಲ ಎಂದು ಥೈರಾಯ್ಡ್ ಸರಿ ಇದೆ ಎಂದೇನೂ ಅಲ್ಲ.

ಕೊನೆಗೆ ಟೇಪು. ಉಸಿರು ಬಿಟ್ಟು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಅಳೆಯಿರಿ. ನಮ್ಮ ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಸಕ್ಕರೆಯ ಟೆಸ್ಟನ್ನು ಪಟ್ಟಿಗೆ ಸೇರಿಸಬೇಕು. ಸೀರೆ ಕಟ್ಟುವ ಜಾಗದಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ.

ಹಂತ 5: ಕಂಡದ್ದನ್ನು ಗುಂಪು ಮಾಡಿ

ಒಂಟಿ ಲಕ್ಷಣಕ್ಕೆ ಬೆಲೆ ಕಮ್ಮಿ. ಸುಸ್ತು ಯಾರಿಗಿಲ್ಲ ಹೇಳಿ? ಬೆಳಗ್ಗೆ ದನದ ಕೆಲಸ, ಮಧ್ಯಾಹ್ನ ಅಡಿಕೆ ಸುಲಿಯುವುದು, ರಾತ್ರಿ ಬೀಡಿ ಕಟ್ಟುವುದು. ಒಟ್ಟಿಗೆ ಬರುವ ಲಕ್ಷಣಗಳನ್ನು ನೋಡಬೇಕು.

ಥೈರಾಯ್ಡ್ ಕಮ್ಮಿ: ಸುಸ್ತು, ಮಲಬದ್ಧತೆ, ಚರ್ಮ ಒಣಗುವುದು, ಬೇರೆಯವರು ಫ್ಯಾನ್ ಹಾಕುವಾಗ ನಿಮಗೆ ಚಳಿ, ಸ್ವರ ದಪ್ಪ, ಮುಟ್ಟಿನಲ್ಲಿ ಜಾಸ್ತಿ ರಕ್ತ. ಥೈರಾಯ್ಡ್ ಜಾಸ್ತಿ ಆದರೆ ಇದರ ಉಲ್ಟಾ. ಊಟ ಮಾಡಿದರೂ ತೂಕ ಇಳಿಯುತ್ತದೆ, ಎದೆ ಡವಡವ, ಕೈ ನಡುಕ, ಮುಟ್ಟು ಕಮ್ಮಿ.

ಪಿಸಿಓಎಸ್, ಜನ ಪಿಸಿಓಡಿ ಅನ್ನುವ ಅಂಡಾಶಯದ ತೊಂದರೆ: ಮುಟ್ಟು ದೂರ ದೂರ, ಗದ್ದದಲ್ಲಿ ಒರಟು ಕೂದಲು, ಬಿಡದ ಮೊಡವೆ, ನೆತ್ತಿಯಲ್ಲಿ ಕೂದಲು ತೆಳು, ಕುತ್ತಿಗೆ ಕಪ್ಪು. ತೆಳ್ಳಗಿನವರಿಗೂ ಬರುತ್ತದೆ. "ದಪ್ಪ ಇಲ್ಲ, ಹಾಗಾಗಿ ಇರಲಿಕ್ಕಿಲ್ಲ" ಎಂದು ಬಿಟ್ಟುಬಿಡಬೇಡಿ.

ಎದೆಹಾಲು ಬರಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್ ಜಾಸ್ತಿ: ಮುಟ್ಟು ನಿಲ್ಲುವುದು, ಎದೆಯಲ್ಲಿ ಹಾಲು. ವಾಂತಿ, ಗ್ಯಾಸ್‌ಗೆ ಕೊಡುವ ಡೊಂಪೆರಿಡೋನ್ ಮತ್ತು ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳಿಂದಲೂ ಹೀಗಾಗುತ್ತದೆ.

ಮುಟ್ಟು ನಿಲ್ಲುವ ಕಾಲ: 40 ದಾಟಿದ ಮೇಲೆ ಚಕ್ರ ಹಿಂದೆ ಮುಂದೆ, ನಿದ್ದೆ ಇಲ್ಲ, ಎದೆಯಿಂದ ಮುಖಕ್ಕೆ ಏರುವ ಬಿಸಿ. ಮೇ ತಿಂಗಳಲ್ಲಿ ಉಪ್ಪಳ, ಕುಂಬಳೆಯಲ್ಲಿ ಬೆವರದವರು ಯಾರೂ ಇಲ್ಲ, ಆಗ ಇದನ್ನು ಗುರುತಿಸುವುದು ಕಷ್ಟ. ಜನವರಿಯ ರಾತ್ರಿ, ಫ್ಯಾನ್ ತಿರುಗುತ್ತಿರುವಾಗಲೂ ದಿಢೀರ್ ಬಿಸಿ ಏರಿ ಕೆಲವೇ ನಿಮಿಷದಲ್ಲಿ ಇಳಿದರೆ ಅದು ಸೆಕೆಯಲ್ಲ. ಇದೇ ಲಕ್ಷಣ 40ಕ್ಕೆ ಮೊದಲೇ ಬಂದರೆ ತಡಮಾಡದೆ ತೋರಿಸಿ.

ಮೋಸ ಮಾಡುವುದು ರಕ್ತಹೀನತೆ. ಸುಸ್ತು, ಕೂದಲು ಉದುರುವುದು, ಎದೆ ಡವಡವ, ಎಲ್ಲ ಥೈರಾಯ್ಡಿನ ಹಾಗೇ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗೆ ಇದ್ದರೆ ಅದನ್ನೂ ಸರಿಮಾಡಬೇಕು. ಜ್ವರ ಅಥವಾ ಹೆರಿಗೆ ಆಗಿ ಎರಡು ಮೂರು ತಿಂಗಳಿಗೆ ಕೂದಲು ಗುಡ್ಡೆಗಟ್ಟಲೆ ಉದುರುವುದೂ ಇದೆ. ಅದು ಹೆಚ್ಚಾಗಿ ತಾನಾಗಿಯೇ ನಿಲ್ಲುತ್ತದೆ.

ಎಣ್ಮಕಜೆ, ಬೆಳ್ಳೂರು ಕಡೆಯವರು ಕೇಳುವ ಪ್ರಶ್ನೆ ಬೇರೆ: "ಇದು ಎಂಡೋಸಲ್ಫಾನಿನಿಂದಲಾ?" 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಈ ಕೀಟನಾಶಕ ವಿಷ ಸುರಿದ ಊರಿನಲ್ಲಿ ಈ ಪ್ರಶ್ನೆ ಬರದೇ ಇರುತ್ತದಾ? ಆದರೆ ಟಿಎಸ್‌ಎಚ್ ಎಂಬ ಥೈರಾಯ್ಡ್ ಟೆಸ್ಟಿನ ರಿಪೋರ್ಟು ಕಾರಣ ಹೇಳುವುದಿಲ್ಲ, ಏರಿದೆಯಾ ಇಳಿದಿದೆಯಾ ಎಂದಷ್ಟೇ ಹೇಳುತ್ತದೆ. ತೋಟದ ಹತ್ತಿರ ಬೆಳೆದದ್ದನ್ನು ಡಾಕ್ಟರಿಗೆ ಹೇಳಿ. ಮುಂದಿನ ಪರೀಕ್ಷೆಯ ದಾರಿ ಎಲ್ಲರಿಗೂ ಒಂದೇ.

ಹಂತ 6: ಡಾಕ್ಟರ ಎದುರು ಕೂರುವ ಮೊದಲು ಚೀಟಿ

ಸರ್ಕಾರಿ ಆಸ್ಪತ್ರೆಯಲ್ಲಿ ಓಪಿ ಚೀಟಿ ಹಿಡಿದು ಎರಡು ಗಂಟೆ ಕಾದರೆ ಒಳಗೆ ಸಿಗುವುದು ಕೆಲವೇ ನಿಮಿಷ. ಆ ಹೊತ್ತಿಗೆ ಬಾಯಿಗೆ ಬರುವುದು "ಸುಸ್ತು ಡಾಕ್ಟ್ರೇ" ಮಾತ್ರ. ಅದಕ್ಕೆ ಅರ್ಧ ಹಾಳೆಯಲ್ಲಿ ಬರೆದುಕೊಂಡು ಹೋಗಿ: ಕೊನೆಯ ಮೂರು ಮುಟ್ಟಿನ ಒಂದನೇ ದಿನ, ಪ್ಯಾಡ್ ಲೆಕ್ಕ, ತೂಕ ಆರು ತಿಂಗಳಲ್ಲಿ ಎಷ್ಟು ಬದಲಾಗಿದೆ, ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಅಥವಾ ಥೈರಾಯ್ಡ್, ಮಕ್ಕಳು ಬೇಕೆಂದಿದೆಯಾ.

ಡಾಕ್ಟರಿಗೆ ಕನ್ನಡ ಬಾರದಿದ್ದರೆ ಗಾಬರಿ ಬೇಡ. ಮುಟ್ಟಿಗೆ "ಮಾಸಮುರ", ಸುಸ್ತಿಗೆ "ಕ್ಷೀಣಂ", ಕೂದಲು ಉದುರುವುದಕ್ಕೆ "ಮುಡಿಕೊಳಿಚ್ಚಿಲ್". ಈ ಮೂರು ಮಲಯಾಳ ಶಬ್ದ ಮತ್ತು ತಾರೀಕು ಬರೆದ ಹಾಳೆ ಇದ್ದರೆ ಮಾತು ಮುಂದೆ ಹೋಗುತ್ತದೆ. ತಲಪಾಡಿ ದಾಟಿ ಮಂಗಳೂರಿಗೇ ಹೋಗುವವರೂ ಇದ್ದಾರೆ. ಹೋಗಿ, ತಪ್ಪೇನಿಲ್ಲ. ಆದರೆ ಮೊದಲ ತಪಾಸಣೆ ಮತ್ತು ಟಿಎಸ್‌ಎಚ್ ಚೀಟಿಗೆ ಅಷ್ಟು ದೂರ ಹೋಗಬೇಕಾಗಿಲ್ಲ.

ಮಾತ್ರೆಗಳ ಸ್ಟ್ರಿಪ್ ಕೊಂಡೊಯ್ಯಲು ಮರೆಯಬೇಡಿ. ಗಂಟುನೋವಿಗೆ ಯಾರೋ ಕೊಟ್ಟ ಹೆಸರಿಲ್ಲದ ಪುಡಿ, ಮುಖ ಬೆಳ್ಳಗಾಗಲು ಹಚ್ಚುವ ಕ್ರೀಮು, ಇವನ್ನೂ ತೋರಿಸಿ. ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಮುಖ ಊದಿ ದುಂಡಗಾಗಿದೆ, ಹೊಟ್ಟೆಯಲ್ಲಿ ನೇರಳೆ ಗೆರೆ ಬಿದ್ದಿದೆ ಅಂದರೆ ಇದನ್ನು ಹೇಳಲೇಬೇಕು. ಅಂಥ ಪುಡಿಯನ್ನು ತುಂಬ ದಿನ ತಿಂದವರು ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರು ಹೇಳಿದ ಹಾಗೆ ಕಮ್ಮಿ ಮಾಡಬೇಕು.

ಹಂತ 7: ರಕ್ತ ಕೊಡುವ ದಿನ ಆರಿಸಿ

ಡಾಕ್ಟರು ಬರೆದದ್ದನ್ನು ಮಾತ್ರ ಮಾಡಿಸಿ. "ಫುಲ್ ಹಾರ್ಮೋನ್ ಪ್ಯಾಕೇಜ್" ತಗೊಂಡರೆ ಅದರಲ್ಲಿ ಅರ್ಧ ನಿಮಗೆ ಬೇಡದ್ದು. ಲ್ಯಾಬಿನಲ್ಲಿ ಕೂತು ನಾನೇ ಇದನ್ನು ಹೇಳುತ್ತಿದ್ದೇನೆ.

ಟಿಎಸ್‌ಎಚ್: ಚಕ್ರದ ಯಾವ ದಿನವಾದರೂ ಆಗುತ್ತದೆ. ಬಯೋಟಿನ್ ಇರುವ ಕೂದಲಿನ ಮಾತ್ರೆಯನ್ನು ಎರಡು ಮೂರು ದಿನ ಮೊದಲು ನಿಲ್ಲಿಸಿ, ದೊಡ್ಡ ಡೋಸ್ ತಗೊಳ್ಳುವವರು ಇನ್ನೂ ಮೊದಲೇ. ಅದು ಮೈಗೆ ಹಾಳು ಎಂದಲ್ಲ, ಮಷಿನಿನಲ್ಲಿ ತಪ್ಪು ಅಂಕಿ ಬರುವ ಹಾಗೆ ಮಾಡುತ್ತದೆ. ಥೈರಾಯ್ಡ್ ಮಾತ್ರೆ ಈಗಾಗಲೇ ಇದ್ದರೆ ರಕ್ತ ಕೊಟ್ಟ ಮೇಲೆ ನುಂಗಿ.

ಎಲ್‌ಎಚ್, ಎಫ್‌ಎಸ್‌ಎಚ್, ಈಸ್ಟ್ರಡಯಾಲ್ (ಅಂಡಾಶಯದ ಕೆಲಸ ನೋಡುವ ಟೆಸ್ಟುಗಳು): ಮುಟ್ಟಿನ 2ರಿಂದ 5ನೇ ದಿನದ ಒಳಗೆ. ಎರಡನೇ ದಿನ ಬಸ್ಸಿನಲ್ಲಿ ಬರಲು ಆಗುವುದಿಲ್ಲ ಎನ್ನುವವರು ನಾಲ್ಕನೇ ದಿನ ಬನ್ನಿ. ಭಾನುವಾರ ಲ್ಯಾಬ್ ಇದೆಯಾ ಎಂದು ಮೊದಲೇ ಫೋನ್ ಮಾಡಿ. ಮುಟ್ಟೇ ಬರುತ್ತಿಲ್ಲ ಅಂದರೆ ಯಾವಾಗ ಕೊಡಬೇಕು ಎಂದು ಡಾಕ್ಟರೇ ಹೇಳುತ್ತಾರೆ.

ಪ್ರೊಜೆಸ್ಟರಾನ್: ಮೊಟ್ಟೆ ಬಿಡುಗಡೆಯಾಗಿದೆಯಾ ಎಂದು ನೋಡಲು. ಎಲ್ಲರೂ 21ನೇ ದಿನಕ್ಕೆ ಬರುತ್ತಾರೆ. ಆ 21 ಇರುವುದು 28 ದಿನದ ಚಕ್ರದವರಿಗೆ ಮಾತ್ರ. ಮುಂದಿನ ಮುಟ್ಟಿಗೆ 7 ದಿನ ಮೊದಲು ಎಂಬುದು ಸರಿಯಾದ ಲೆಕ್ಕ. 35 ದಿನದವರಿಗೆ ಅದು 28ನೇ ದಿನ. ಹಂತ 3ರ ಚುಕ್ಕಿಗಳು ಇಲ್ಲಿ ಕೆಲಸಕ್ಕೆ ಬರುತ್ತವೆ.

ಪ್ರೊಲ್ಯಾಕ್ಟಿನ್: ಎದ್ದ ಕೂಡಲೇ ಬೇಡ, ಒಂದೆರಡು ಗಂಟೆ ಕಳೆಯಲಿ. ಬಸ್ಸಿಗೆ ಓಡಿ ಬಂದು ಏದುಸಿರಿನಲ್ಲೇ ಕೈ ಚಾಚಬೇಡಿ, ಅರ್ಧ ಗಂಟೆ ಸುಮ್ನೆ ಕೂತಿರಿ. ಗಾಬರಿಯಿಂದಲೂ ಇದು ಏರುತ್ತದೆ.

ಗಂಡು ಹಾರ್ಮೋನ್ ಟೆಸ್ಟೊಸ್ಟಿರಾನ್ ಬೆಳಿಗ್ಗೆಯೇ. ಗರ್ಭನಿರೋಧಕ ಮಾತ್ರೆ ತಗೊಳ್ಳುವವರ ಅಂಕಿ ನಂಬುವ ಹಾಗಿಲ್ಲ. ಅದನ್ನು ನಿಲ್ಲಿಸಬೇಕಾ, ಎಷ್ಟು ತಿಂಗಳು ಎಂಬುದನ್ನು ಡಾಕ್ಟರು ನಿರ್ಧರಿಸಲಿ. ಸಕ್ಕರೆಗೆ 8 ಗಂಟೆ ಖಾಲಿ ಹೊಟ್ಟೆ. ನೀರು ಕುಡಿಯಬಹುದು, ಸಕ್ಕರೆ ಹಾಕದ ಕಪ್ಪು ಚಹಾ ಕೂಡ ಬೇಡ.

ಹಂತ 8: ರಿಪೋರ್ಟ್ ಕೈಗೆ ಬಂದಾಗ

ದಪ್ಪ ಅಕ್ಷರದಲ್ಲಿ ಅಂಕಿ ಕಂಡರೆ ಕಾಯಿಲೆ ಎಂದರ್ಥವಲ್ಲ. ಟಿಎಸ್‌ಎಚ್ ಹೆಚ್ಚಿನ ಲ್ಯಾಬುಗಳಲ್ಲಿ ಸುಮಾರು 0.4ರಿಂದ 4ರವರೆಗೆ ಸಾಮಾನ್ಯ. 5.6 ಬಂದರೆ ಅವತ್ತೇ ಜೀವನಪೂರ್ತಿ ಮಾತ್ರೆ ಎಂದು ಅಳಬೇಕಾಗಿಲ್ಲ. ಬಸುರಿ ಅಲ್ಲದಿದ್ದರೆ ಹೆಚ್ಚಾಗಿ ಕೆಲವು ವಾರ ಬಿಟ್ಟು ಟಿ4 ಎಂಬ ಥೈರಾಯ್ಡ್ ಹಾರ್ಮೋನಿನ ಜೊತೆ ಇನ್ನೊಮ್ಮೆ ನೋಡುತ್ತಾರೆ. ಬಸುರಿಗೆ ಅಳತೆ ಬೇರೆ, ಅವರು ಕಾಯಬಾರದು. ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125 ಬಂದರೆ ಅಂಚಿನಲ್ಲಿದ್ದೀರಿ. 126 ಅಥವಾ ಮೇಲೆ ಬಂದರೆ ಇನ್ನೊಮ್ಮೆ ಖಚಿತ ಮಾಡಿಕೊಂಡು ಚಿಕಿತ್ಸೆ. ಟಿಎಸ್‌ಎಚ್ ಮತ್ತು ಪ್ರೊಲ್ಯಾಕ್ಟಿನ್ ಎರಡೂ ಏರಿದ್ದರೆ ಮೊದಲು ಥೈರಾಯ್ಡ್ ಸರಿಮಾಡುತ್ತಾರೆ, ಎಷ್ಟೋ ಸಲ ಇನ್ನೊಂದು ಅದರ ಹಿಂದೆಯೇ ಇಳಿಯುತ್ತದೆ.

ಸ್ಕ್ಯಾನಿಂಗಿನಲ್ಲಿ ನೀರುಗುಳ್ಳೆ ಎಂದು ಬರೆದ ಮಾತ್ರಕ್ಕೆ ಪಿಸಿಓಎಸ್ ಆಗುವುದಿಲ್ಲ. ಮುಟ್ಟು ತಪ್ಪುವುದು, ಗಂಡು ಹಾರ್ಮೋನಿನ ಲಕ್ಷಣ ಅಥವಾ ಅಂಕಿ, ಸ್ಕ್ಯಾನ್. ಈ ಮೂರರಲ್ಲಿ ಎರಡು ಇರಬೇಕು. ಥೈರಾಯ್ಡ್, ಪ್ರೊಲ್ಯಾಕ್ಟಿನ್ ಕಾರಣ ಅಲ್ಲ ಎಂದೂ ಗೊತ್ತಾಗಬೇಕು. ಮೈನೆರೆದು 8 ವರ್ಷ ಆಗದ ಹುಡುಗಿಯರಲ್ಲಿ ಗುಳ್ಳೆಗಳು ಹೇಗೂ ಜಾಸ್ತಿ ಕಾಣುತ್ತವೆ, ಹಾಗಾಗಿ ಅವರಲ್ಲಿ ಸ್ಕ್ಯಾನ್ ನೋಡಿ ತೀರ್ಮಾನ ಮಾಡುವುದಿಲ್ಲ.

ಮತ್ತೆ ಟೆಸ್ಟ್ ಮಾಡಿಸುವಾಗ ಅದೇ ಲ್ಯಾಬಿಗೆ ಹೋಗಿ, ಬೇರೆ ಮಷಿನಿನ ಅಂಕಿಯ ಜೊತೆ ಹೋಲಿಸುವುದು ಕಷ್ಟ. ಥೈರಾಯ್ಡ್ ಮಾತ್ರೆ ಶುರು ಮಾಡಿದರೆ ಮುಂದಿನ ಟಿಎಸ್‌ಎಚ್‌ಗೆ 6ರಿಂದ 8 ವಾರ ಬೇಕು. ಹದಿನೈದು ದಿನಕ್ಕೇ ಬಂದು "ಇಳಿದಿಲ್ಲವಲ್ಲ" ಎಂದು ಕೇಳಿದರೆ ನಾನು ಏನು ಹೇಳಲಿ? ಮಾತ್ರೆ ನುಂಗಿ ಅರ್ಧದಿಂದ ಒಂದು ಗಂಟೆ ಕಳೆದ ಮೇಲೆ ಚಹಾ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ 4 ಗಂಟೆ ಅಂತರ.

ಪೆರ್ಲದ ಅವರು ನಾಲ್ಕು ತಿಂಗಳ ನಂತರ ಮತ್ತೆ ಬಂದರು. ಕ್ಯಾಲೆಂಡರನ್ನು ಗೋಡೆಯಿಂದ ತೆಗೆದು ಸುರುಳಿ ಸುತ್ತಿ ಚೀಲದಲ್ಲಿ ಹಾಕಿಕೊಂಡೇ ತಂದಿದ್ದರು. ಡಾಕ್ಟರ ಚೀಟಿಯಲ್ಲಿ ಇದ್ದದ್ದು ಎರಡೇ ಟೆಸ್ಟ್: ಟಿಎಸ್‌ಎಚ್ ಮತ್ತು ಹಿಮೋಗ್ಲೋಬಿನ್.